ಮಂಡಿಗೊಂದು ಸೂಜಿ, ಮೂರು ತಿಂಗಳ ಸಡಗರ

ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡ ವಾರಕ್ಕೇ ನಮ್ಮ ದೊಡ್ಡಮ್ಮ ತಾರಸಿ ಹತ್ತಿ ಹಪ್ಪಳ ಒಣಹಾಕಿ ಬಂದರು. ಮೂರನೇ ತಿಂಗಳಿಗೆ ಮತ್ತೆ ಗೋಡೆ ಹಿಡಿದು ನಡೆದಾಟ. ‘ಇನ್ನೊಂದು ಹಾಕಿಸಿಬಿಡೋಣ ಕಣೋ’ ಎಂದರು.

ಅವರಿಗೆ ಕೊಟ್ಟದ್ದು ಸ್ಟೀರಾಯ್ಡ್. 1951ರಲ್ಲಿ ಅಮೆರಿಕದ ವೈದ್ಯ ಜೋಸೆಫ್ ಹಾಲಂಡರ್ ಹೈಡ್ರೊಕಾರ್ಟಿಸೋನನ್ನು ನೇರ ಕೀಲಿನೊಳಕ್ಕೆ ಕೊಟ್ಟ ವರದಿ ಪ್ರಕಟಿಸಿದಾಗಿನಿಂದ ಈ ಪದ್ಧತಿ ಬಳಕೆಗೆ ಬಂತು. ಔಷಧ ಕೀಲಿನ ಒಳಪೊರೆಯ ಉರಿಯೂತ ತಣಿಸುತ್ತದೆ, ಸವೆದ ಮೃದ್ವಸ್ಥಿಯನ್ನು ಬೆಳೆಸುವುದಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಒಂದೆರಡು ಕೀಲು ಮಾತ್ರ ಮೊಂಡು ಹಿಡಿದಾಗ, ಮಂಡಿ ಊದಿ ಬಿಸಿಯಾದಾಗ ಇದು ನಿಜಕ್ಕೂ ಉಪಕಾರಿ. ಸವಕಲು ಮಂಡಿಗೆ ಸಿಗುವುದು ಕೆಲವು ವಾರಗಳ ಬಿಡುವು ಅಷ್ಟೇ.

ಪದೇಪದೇ ಚುಚ್ಚಿಸಿಕೊಂಡರೆ? ಅಮೆರಿಕದಲ್ಲಿ 140 ಮಂದಿಗೆ ಎರಡು ವರ್ಷ, 12 ವಾರಕ್ಕೊಮ್ಮೆ, ಕೆಲವರಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರು ಕೊಟ್ಟು ನೋಡಿದರು. 2017ರಲ್ಲಿ ಬಂದ ಫಲಿತಾಂಶ: ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಮೃದ್ವಸ್ಥಿ ತೆಳುವಾದದ್ದು ಮಾತ್ರ ಸ್ಟೀರಾಯ್ಡ್ ಪಡೆದವರಲ್ಲೇ ಹೆಚ್ಚು.

ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಚುಚ್ಚಿಸಿಕೊಂಡ ಮರುದಿನ ಗ್ಲುಕೋಮೀಟರ್ 312 ತೋರಿಸಿದಾಗ ಮೆಷಿನ್ನೇ ಕೆಟ್ಟಿದೆಯೆಂದು ಎರಡು ಸ್ಟ್ರಿಪ್ ಹಾಳು ಮಾಡಿದೆವು. ಹಿಂದಿನ ರಾತ್ರಿಯ ಹೋಳಿಗೆಯ ಮೇಲೆ ತಪ್ಪು ಹೊರಿಸಿದ್ದೂ ಆಯಿತು. ಸ್ಟೀರಾಯ್ಡ್ ಕೆಲವು ದಿನ ಸಕ್ಕರೆ ಏರಿಸುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಸೂಜಿ ಹೋದ ಕಡೆ ಚರ್ಮ ಬಿಳಿಚಿ ಗುಳಿ ಬೀಳುವುದುಂಟು. ಕೀಲಿಗೆ ಸೋಂಕು ತಗಲುವುದು ಅಪರೂಪ, ತಗಲಿದರೆ ತುರ್ತು ಚಿಕಿತ್ಸೆ ಬೇಕು.

ಇನ್ನು ‘ಜೆಲ್ ಇಂಜೆಕ್ಷನ್’, ಅಂದರೆ ಹಯಲುರಾನಿಕ್ ಆಮ್ಲ. ಹಿಂದೆ ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ನಮ್ಮದೇ ರಕ್ತದಿಂದ ಮಾಡುವ ಪಿಆರ್‌ಪಿ ಇನ್ನೊಂದು. ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮಂಡಿಯ ಮೇಲೆ ನಡೆದ ಪ್ರಯೋಗದಲ್ಲಿ ಪಿಆರ್‌ಪಿಗೂ ಉಪ್ಪುನೀರಿಗೂ ನೋವಿನ ವಿಚಾರದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಸಾಲ ಮಾಡಿ ಹಾಕಿಸಿಕೊಳ್ಳುವ ಮದ್ದಂತೂ ಪಿಆರ್‌ಪಿ ಅಲ್ಲ.

2020ರ ಇನ್ನೊಂದು ಅಧ್ಯಯನದಲ್ಲಿ ವರ್ಷದ ಕೊನೆಗೆ ಸ್ಟೀರಾಯ್ಡ್ ಪಡೆದವರಿಗಿಂತ ಫಿಸಿಯೋಥೆರಪಿ ಮಾಡಿದವರೇ ಹೆಚ್ಚು ಹಗುರಾಗಿ ಓಡಾಡುತ್ತಿದ್ದರು. ಸೂಜಿ ಕೊಟ್ಟ ಬಿಡುವನ್ನು ದೊಡ್ಡಮ್ಮ ಹಪ್ಪಳಕ್ಕೆ ಖರ್ಚು ಮಾಡಿದರು. ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕಿತ್ತು.

ನೀವೂ ಹಾಕಿಸಿಕೊಳ್ಳುವವರಿದ್ದರೆ ಸಿರಿಂಜಿನಲ್ಲಿರುವ ಔಷಧದ ಹೆಸರು, ತಾರೀಖು ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಮೂರು ತಿಂಗಳಲ್ಲಿ ಮಂಡಿ ಬದಲಾವಣೆಯ ಆಪರೇಷನ್ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ; ಆಗ ಸ್ಟೀರಾಯ್ಡ್ ಕೊಟ್ಟರೆ ಸೋಂಕಿನ ಅಪಾಯ ಹೆಚ್ಚು.