ಊರಿನ ಕೆಲಸಕ್ಕೆ ಸರಕಾರ–ಸಮುದಾಯ ಸಹಯೋಗ: ಖಾತೆ ಪುಸ್ತಕ ತೆರೆದಿರಲಿ

ಕುಂದಗೋಳ ತಾಲೂಕಿನ ಗುಡಗೇರಿಯು ಸರಕಾರಿ ದಾಖಲೆಯಲ್ಲಿ ಗ್ರಾಮ. ಆದರೆ ರೈಲು ನಿಲ್ದಾಣವೂ ಪೇಟೆಯೂ ಉಳ್ಳ ಇಂತಹ ದೊಡ್ಡ ಗ್ರಾಮಗಳ ಸಮಸ್ಯೆಗಳು ಪಟ್ಟಣದವೇ ಆಗಿವೆ. ಅಂಗಡಿ ಸಾಲಿನ ಕಸ, ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡ ಗಟಾರ, ಕುಡಿಯುವ ನೀರು, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ. ವ್ಯಾಪಾರಸ್ಥರು ಪಂಚಾಯತಿಯತ್ತ ಕೈ ತೋರಿಸುತ್ತಾರೆ. ಪಂಚಾಯತಿಯು ಕರ ಬಾಕಿಯ ಪಟ್ಟಿ ತೋರಿಸುತ್ತದೆ. ಇಬ್ಬರೂ ಕೂಡಿ ಕೆಲಸ ಮಾಡುವುದು ಹೇಗೆ, ಮಾಡಿದ ಕೆಲಸ ಉಳಿಯುವುದು ಹೇಗೆ ಎಂಬುದನ್ನು ನಮ್ಮ ರಾಜ್ಯದ ನಗರಗಳ ಅನುಭವದಿಂದಲೇ ಅರಿಯಬಹುದಾಗಿದೆ.

ಬೆಂಗಳೂರಿನ ಪ್ರಯೋಗ

1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರಕಾರವು ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ‘ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್’ ರಚಿಸಿತು. ಮಹಾನಗರಪಾಲಿಕೆ, ಜಲಮಂಡಳಿ, ಪೊಲೀಸ್ ಮೊದಲಾದ ಏಳು ಸಂಸ್ಥೆಗಳು ತಮ್ಮ ಗುರಿಗಳನ್ನು ಸಾರ್ವಜನಿಕ ಸಮಾವೇಶದಲ್ಲಿ ಘೋಷಿಸಿ, ಮುಂದಿನ ಸಮಾವೇಶದಲ್ಲಿ ಪ್ರಗತಿಯನ್ನು ಒಪ್ಪಿಸಬೇಕಾಗಿತ್ತು. ಮನೆಮನೆಯಿಂದ ಕಸ ಸಂಗ್ರಹಕ್ಕೆ ಒತ್ತು ದೊರೆಯಿತು. ಸಾರ್ವಜನಿಕ ಶೌಚಾಲಯಗಳು ನಿರ್ಮಾಣಗೊಂಡವು.

ಈ ಕಾರ್ಯಪಡೆಯ ಸಾಧನೆಗಳಲ್ಲಿ ಲೆಕ್ಕಪರಿಶೋಧಕನ ಕಣ್ಣಿಗೆ ಬೀಳುವುದು ಬೇರೊಂದು. ಒಂಟಿ ನಮೂದಿನ ನಗದು ಪುಸ್ತಕವನ್ನೇ ಅವಲಂಬಿಸಿದ್ದ ಪಾಲಿಕೆಗೆ, ನಿಧಿ ಆಧಾರಿತ ದ್ವಿ-ನಮೂದು ಲೆಕ್ಕಪದ್ಧತಿಯನ್ನು ಅಳವಡಿಸಿಕೊಳ್ಳಲು ಅದು ನೆರವಾಯಿತು. ತನ್ನ ಆಸ್ತಿಯೆಷ್ಟು, ಸಾಲವೆಷ್ಟು, ಬರತಕ್ಕ ಬಾಕಿಯೆಷ್ಟು ಎಂಬುದು ಪಾಲಿಕೆಗೆ ಕಾಣತೊಡಗಿತು. ಇದರ ಬೆನ್ನಲ್ಲೇ 2002ರಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ಸೇರಿ ‘ಪ್ರೂಫ್’ ಎಂಬ ಅಭಿಯಾನ ಆರಂಭಿಸಿದವು. ಕಂಪನಿಗಳು ಷೇರುದಾರರಿಗೆ ಒಪ್ಪಿಸುವಂತೆ, ಪಾಲಿಕೆಯೂ ಮೂರು ತಿಂಗಳಿಗೊಮ್ಮೆ ನಾಗರಿಕರ ಮುಂದೆ ಲೆಕ್ಕ ಇಡಬೇಕೆಂಬುದು ಅದರ ಬೇಡಿಕೆಯಾಗಿತ್ತು.

ಅಳಿದದ್ದು, ಉಳಿದದ್ದು

2004ರಲ್ಲಿ ಸರಕಾರ ಬದಲಾಯಿತು. ಕಾರ್ಯಪಡೆ ಮೂಲೆಗೆ ಸರಿಯಿತು. ಚುನಾಯಿತ ಸದಸ್ಯರನ್ನು ಬದಿಗಿರಿಸಿ ಗಣ್ಯರು ನಡೆಸಿದ ವ್ಯವಸ್ಥೆ ಅದು ಎಂಬ ಟೀಕೆಯೂ ಇದ್ದಿತು, ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ. ಒಬ್ಬ ಮುಖ್ಯಮಂತ್ರಿಯ ಒಲವನ್ನು ನಂಬಿದ ಸಹಯೋಗ ಆ ಒಲವಿನೊಡನೆಯೇ ಹೋಯಿತು. ಆದರೆ ಲೆಕ್ಕಪದ್ಧತಿಯ ಸುಧಾರಣೆ ಉಳಿಯಿತು. ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು, 2006 ದ್ವಿ-ನಮೂದನ್ನು ರಾಜ್ಯದ ಪಟ್ಟಣಗಳಿಗೂ ವಿಸ್ತರಿಸಿದವು. ಆಯವ್ಯಯಕ್ಕೆ ಮುನ್ನ ನಾಗರಿಕ ಸಂಘಟನೆಗಳೊಡನೆ ಸಮಾಲೋಚನೆ ನಡೆಸಬೇಕೆಂದೂ ವಿಧಿಸಿದವು. ನಿಯಮದೊಳಗೆ ಸೇರಿದ್ದು ಬಾಳಿತು. ಸದ್ಭಾವನೆಯಲ್ಲಿ ನಿಂತದ್ದು ಕರಗಿತು.

ನಮ್ಮ ಹುಬ್ಬಳ್ಳಿ-ಧಾರವಾಡದ ನೀರಿನ ಯೋಜನೆಯೂ ಗಮನಾರ್ಹ. ಹಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದ ಅವಳಿನಗರದ ಆಯ್ದ ವಾರ್ಡುಗಳಿಗೆ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2008ರಲ್ಲಿ ದಿನದ 24 ಗಂಟೆಯೂ ನೀರು ಹರಿಯತೊಡಗಿತು. ಮೀಟರು ಏಕೆ, ಶುಲ್ಕ ಏಕೆ ಎಂಬುದನ್ನು ಮನೆಮನೆಗೆ ತಿಳಿಹೇಳುವ ಹೊಣೆಯನ್ನು ಸ್ವಯಂಸೇವಾ ಸಂಸ್ಥೆಗಳು ಹೊತ್ತವು. ಅಳತೆಯಿಲ್ಲದೆ ಲೆಕ್ಕವಿಲ್ಲ, ಲೆಕ್ಕವಿಲ್ಲದೆ ನಂಬಿಕೆಯಿಲ್ಲ. ಇಡೀ ನಗರಕ್ಕೆ ಅದರ ವಿಸ್ತರಣೆ ಮಾತ್ರ ವರ್ಷಗಟ್ಟಲೆ ಎಳೆದಿದೆ.

ಗ್ರಾಮದಲ್ಲಿ ಬಾಗಿಲು ಯಾವುದು?

ಪುರಸಭಾ ನಿಯಮಗಳು ಗುಡಗೇರಿಯಂತಹ ಊರಿಗೆ ಅನ್ವಯಿಸುವುದಿಲ್ಲ. ಆದರೆ ಪಂಚಾಯತಿ ಕಾನೂನು ತೆರೆದಿಟ್ಟಿರುವ ಬಾಗಿಲುಗಳು ಕಡಿಮೆಯೇನಲ್ಲ.

ಮೊದಲನೆಯದು ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಅವಧಿಯಲ್ಲಿ ಗ್ರಾಮ ಪಂಚಾಯತಿಯ ಹಿಂದಿನ ಸಾಲಿನ ಜಮಾ-ಖರ್ಚನ್ನು, ಕೈಗೊಂಡ ಕಾಮಗಾರಿಗಳನ್ನು ಜನರ ಸಮಕ್ಷಮ ಪರಿಶೀಲಿಸಬೇಕು. ದಿನವೂ ಕಿರ್ದಿ ಬರೆಯುವ ವ್ಯಾಪಾರಸ್ಥನಿಗಿಂತ ಲೆಕ್ಕ ಓದಬಲ್ಲವರು ಊರಿನಲ್ಲಿ ಯಾರಿದ್ದಾರೆ? ಆ ದಿನ ಅಂಗಡಿ ಬಿಟ್ಟು ಬರುವವರು ಮಾತ್ರ ವಿರಳ.

ಎರಡನೆಯದು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಈ ಸಭೆಯಲ್ಲಿ ಪೇಟೆಯ ಬೇಡಿಕೆಯನ್ನು ಬರಹದಲ್ಲಿ ಸಲ್ಲಿಸಿ, ನಡಾವಳಿಯಲ್ಲಿ ದಾಖಲಿಸಿಕೊಳ್ಳಬೇಕು. 15ನೆಯ ಹಣಕಾಸು ಆಯೋಗವು 2021-26ರ ಅವಧಿಯ ಪಂಚಾಯತಿ ಅನುದಾನದಲ್ಲಿ ಶೇ. 60ನ್ನು ನೀರು ಹಾಗೂ ನೈರ್ಮಲ್ಯಕ್ಕೆಂದೇ ನಿಗದಿಪಡಿಸಿತ್ತು. ಆ ಹಣದಲ್ಲಿ ಪೇಟೆಯ ಗಟಾರಕ್ಕೆ ಎಷ್ಟು ಬಂದಿತೆಂದು ಕೇಳುವ ಸ್ಥಳ ಅದೇ.

ಮೂರನೆಯದು ನಮ್ಮದೇ ಮನೆಯ ಲೆಕ್ಕ. ಪ್ಲಾಸ್ಟಿಕ್ ಕೈಚೀಲಗಳನ್ನು ರಾಜ್ಯವು 2016ರಲ್ಲಿಯೇ ನಿಷೇಧಿಸಿದೆ; ಗಟಾರ ಕಟ್ಟಿಸುವ ಚೀಲ ಅಂಗಡಿಯಿಂದಲೇ ಹೊರಬೀಳುತ್ತಿದ್ದರೆ ಪಂಚಾಯತಿಯನ್ನು ಕೇಳುವ ನೈತಿಕ ಬಲ ಎಲ್ಲಿಂದ ಬಂದೀತು? ಕರ ಬಾಕಿ ಉಳಿಸಿಕೊಂಡವರ ಪ್ರಶ್ನೆಗೂ ತೂಕ ಕಡಿಮೆ.

ವರ್ತಕರು ವಂತಿಗೆ ಕೂಡಿಸಿ ಪಂಚಾಯತಿಯೊಡನೆ ಕಸದ ಗಾಡಿಯನ್ನೋ ಬೀದಿದೀಪವನ್ನೋ ಒದಗಿಸುವುದಾದರೆ, ಕೆಲಸ ಆರಂಭಿಸುವ ಮುನ್ನ ಒಂದು ಹಾಳೆಯ ಕರಾರು ಇರಲಿ: ಯಾರ ಪಾಲು ಎಷ್ಟು, ವಸ್ತು ಯಾರ ಆಸ್ತಿ, ದುರಸ್ತಿ ಮತ್ತು ಚಾಲಕನ ಕೂಲಿ ಯಾರದು, ಲೆಕ್ಕ ಒಪ್ಪಿಸುವ ದಿನ ಯಾವುದು. ಖರೀದಿಗೆ ಹಣ ಕೂಡಿಸುವುದು ಸುಲಭ. ಎರಡನೆಯ ವರ್ಷದ ದುರಸ್ತಿಗೆ ಕೂಡಿಸುವುದು ಕಷ್ಟ. ವಂತಿಗೆಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಕೊಟ್ಟವರಿಗೆಲ್ಲ ಪಾವತಿ, ವರ್ಷದ ಕೊನೆಗೆ ಪೇಟೆಯ ಫಲಕದ ಮೇಲೆ ಜಮಾ-ಖರ್ಚಿನ ಪಟ್ಟಿ ಅವಶ್ಯ.

ಅಂಗಡಿಯ ಪಾಲುದಾರಿಕೆಗೆ ಪತ್ರ ಬರೆಸಿಕೊಳ್ಳುವ ನಾವು ಊರಿನ ಪಾಲುದಾರಿಕೆಯನ್ನು ಬಾಯಿಮಾತಿಗೆ ಬಿಡುವುದು ತರವಲ್ಲ. ಮುಂದಿನ ಜಮಾಬಂದಿಯ ದಿನಾಂಕವನ್ನು ವ್ಯಾಪಾರಸ್ಥ ಬಂಧುಗಳು ಇಂದೇ ಪಂಚಾಯತಿಯಲ್ಲಿ ವಿಚಾರಿಸಿ ಗುರುತು ಹಾಕಿಕೊಳ್ಳಲಿ.