ದಫ್ತರಖಾನೆಗಳೂ ಚರಿತ್ರಕಾರರ ಹೊಸ ಪ್ರಶ್ನೆಗಳೂ

ಮುದ್ದೇನಹಳ್ಳಿಗೆ ಹೋದವರು ಸರ್ ಎಂ. ವಿಶ್ವೇಶ್ವರಯ್ಯನವರು ಜನಿಸಿದ ಮನೆಯನ್ನೂ ಅಲ್ಲಿಯ ವಸ್ತುಸಂಗ್ರಹವನ್ನೂ ನೋಡಿ ಕೈಮುಗಿದು ಹಿಂತಿರುಗುವುದು ವಾಡಿಕೆಯಾಗಿದೆ. ಮಹನೀಯರನ್ನು ಗೌರವಿಸುವುದು ಯುಕ್ತವೇ ಸರಿ. ಆದರೆ ಗೌರವವು ಬೇರೆ, ಚರಿತ್ರೆಯು ಬೇರೆ. ಚರಿತ್ರೆಗೆ ಕಾಗದಪತ್ರಗಳು ಬೇಕು. ಅವು ಕೈಗೆ ಸಿಕ್ಕುವ ಮಾರ್ಗವೂ ಬೇಕು.

ಕನ್ನಂಬಾಡಿ ಕಟ್ಟೆಯ ಕೆಲಸವು 1911ರಲ್ಲಿ ಮೊದಲಾಯಿತು. ಅದಕ್ಕೆ ಅಪ್ಪಣೆ ಕೊಟ್ಟವರು ಯಾರು, ತಗಲಿದ ವೆಚ್ಚವೆಷ್ಟು ಎಂಬುದನ್ನು ತಿಳಿಸಿದರೆ ಹಿಂದಿನ ಚರಿತ್ರಕಾರರ ಕೆಲಸವು ಮುಗಿಯುತ್ತಿತ್ತು. ಅದಕ್ಕೆ ಸರ್ಕಾರದ ವರದಿಗಳೂ ದಿವಾನರ ಭಾಷಣಗಳೂ ಸಾಕಾಗಿದ್ದವು. ಇಂದಿನವರ ಪ್ರಶ್ನೆಯೇ ಬೇರೆ. ನೀರಿನಲ್ಲಿ ಮುಳುಗಿದ ಊರುಗಳ ಒಕ್ಕಲುಗಳು ಎಲ್ಲಿಗೆ ಹೋದರು? ಕಲ್ಲು ಹೊತ್ತ ಕೂಲಿಯಾಳುಗಳು ಯಾವ ಸೀಮೆಯವರು? ಇದಕ್ಕೆ ಉತ್ತರವನ್ನು ರೈತನ ಅರ್ಜಿಯಲ್ಲಿಯೂ ಶಾನುಭೋಗನ ಲೆಕ್ಕದಲ್ಲಿಯೂ ಅಮಲ್ದಾರನ ಷರಾದಲ್ಲಿಯೂ ಹುಡುಕಬೇಕಾಗಿದೆ.

ಹುಡುಕುವ ಕ್ರಮವೂ ಮಾರ್ಪಟ್ಟಿದೆ. ಮೊದಲು ವಿದ್ವಾಂಸರು ತಿಂಗಳುಗಟ್ಟಲೆ ಕುಳಿತು ನಕಲು ಮಾಡಿಕೊಳ್ಳುತ್ತಿದ್ದರು. ಈಗ ಎರಡು ದಿನಗಳಲ್ಲಿ ನೂರಾರು ಹಾಳೆಗಳ ಛಾಯಾಚಿತ್ರವನ್ನು ತೆಗೆದು ಮನೆಯಲ್ಲಿ ಓದುತ್ತಾರೆ. ಗಣಕಯಂತ್ರಕ್ಕೆ ಒಂದು ಹೆಸರನ್ನು ಕೊಟ್ಟು ಅದು ತೋರಿಸಿದುದನ್ನು ಮಾತ್ರ ನೋಡುವವರೂ ಉಂಟು. ಇದರಲ್ಲಿ ಅನುಕೂಲವಿದೆ; ಅಪಾಯವೂ ಇದೆ. ಕಡತದ ಸಂಖ್ಯೆಯನ್ನು ಗುರುತಿಸಿಕೊಳ್ಳದ ಚಿತ್ರವು ಸಾಕ್ಷ್ಯಕ್ಕೆ ಬಾರದು. ಇನ್ನು ಹೆಸರಿನ ಮಾತು: ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಅದಕ್ಕೆ ಮುಂಚೆ ಈ ಸೀಮೆಯು ಕೋಲಾರ ಜಿಲ್ಲೆಗೆ ಸೇರಿತ್ತು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಇಲ್ಲಿಯ ಶಾಸನಗಳೂ ಕೋಲಾರದ ಸಂಪುಟದಲ್ಲಿಯೇ ಇವೆ. ಇದನ್ನರಿಯದ ತರುಣನು ಚಿಕ್ಕಬಳ್ಳಾಪುರ ಜಿಲ್ಲೆಯೆಂದು ಹುಡುಕಿ, ಏನೂ ಇಲ್ಲವೆಂದು ನಿರ್ಣಯಿಸಿಬಿಟ್ಟಾನು.

ಆದಕಾರಣ ಬೆಂಗಳೂರಿನ ರಾಜ್ಯ ಪತ್ರಾಗಾರವೂ ಜಿಲ್ಲೆಯ ಗ್ರಂಥಾಲಯಗಳೂ ಗಮನಿಸತಕ್ಕ ವಿಷಯಗಳು ಕೆಲವುಂಟು. ಹಳೆಯ ಮತ್ತು ಹೊಸ ಜಿಲ್ಲೆ, ತಾಲ್ಲೂಕುಗಳ ಹೆಸರುಗಳೆರಡನ್ನೂ ಕಾಣಿಸಿದ ಸೂಚೀಪಟ್ಟಿಯು ಕನ್ನಡದಲ್ಲಿರಬೇಕು. ಛಾಯಾಚಿತ್ರಕ್ಕೆ ಸುಲಭವಾಗಿ ಅನುಮತಿಯನ್ನು ಕೊಟ್ಟು, ಪ್ರತಿಯೊಂದು ಚಿತ್ರದಲ್ಲಿಯೂ ಕಡತದ ಸಂಖ್ಯೆಯು ಕಾಣುವಂತೆ ಏರ್ಪಡಿಸಬೇಕು. ಚಿತ್ರವಾಯಿತೆಂದು ಮೂಲಪತ್ರವನ್ನು ಅಲಕ್ಷಿಸಬಾರದು. ಮೋಡಿ ಅಕ್ಷರವನ್ನೂ ಹಳೆಯ ಕೈಬರಹವನ್ನೂ ಓದಬಲ್ಲವರನ್ನು ನೇಮಿಸಿ, ತರುಣರಿಗೆ ಆ ವಿದ್ಯೆಯನ್ನು ಕಲಿಸಬೇಕು.

ಸರ್ಕಾರದ ದಫ್ತರವೊಂದೇ ಸಾಲದೆಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವೇ ನಿದರ್ಶನ. 1938ನೆಯ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರೆಷ್ಟು ಮಂದಿಯೆಂಬ ವಿಷಯದಲ್ಲಿ ಸರ್ಕಾರದ ಎಣಿಕೆಗೂ ಜನರ ಎಣಿಕೆಗೂ ತಾಳೆಯಿಲ್ಲ. ಸರ್ಕಾರದ ಎಣಿಕೆಯು ಕಡತದಲ್ಲಿ ಭದ್ರವಾಗಿದೆ. ಜನರ ಎಣಿಕೆಗೆ ಆಧಾರವಾದ ಪತ್ರ, ದಿನಚರಿ, ಹಿರಿಯರಿಂದ ಕೇಳಿದ ಮಾತುಗಳು ಮನೆಗಳ ಅಟ್ಟದಲ್ಲಿಯೂ ಮುದುಕರ ನೆನಪಿನಲ್ಲಿಯೂ ಉಳಿದಿದ್ದರೆ ಉಳಿದಿವೆ. ಗೆದ್ದಲೂ ಕಾಲವೂ ಯಾರಿಗಾಗಿಯೂ ಕಾಯುವುದಿಲ್ಲ.

ತಾಲ್ಲೂಕಿನ ಗ್ರಂಥಪಾಲಕರು ಊರೂರಿಗೆ ಹೋಗಿ ಇವುಗಳನ್ನು ಕೇಳಿ ಪಡೆದು, ನಕಲಾದರೂ ಮಾಡಿಸಿ, ಕೊಟ್ಟವರ ಊರುಹೆಸರುಗಳೊಡನೆ ದಾಖಲೆ ಮಾಡಲಿ. ಮನೆಯ ಯಜಮಾನರು ಹಳೆಯ ಕಾಗದವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಲಿ. ಸ್ವರಾಜ್ಯಕ್ಕಾಗಿ ಪ್ರಾಣವನ್ನಿತ್ತವರ ಹೆಸರುಗಳು ನಮ್ಮ ಅಲಕ್ಷ್ಯದಿಂದ ಅಳಿದವೆಂಬ ಅಪವಾದವು ನಮ್ಮ ಕಾಲಕ್ಕೆ ಬಾರದಿರಲಿ.