ಕುಕ್ಕರಿನ ಮುಚ್ಚಳದಲ್ಲೊಂದು ಕಿಂಡಿ

ಅಮ್ಮಿನಬಾವಿಯಂತಹ ಊರಿನ ಪಾತ್ರೆ ಅಂಗಡಿಗಳಲ್ಲಿ ಹೊಸ ಕುಕ್ಕರಿಗಿಂತ ಅದರ ಬಿಡಿಭಾಗಗಳಿಗೇ ಗಿರಾಕಿಗಳು ಹೆಚ್ಚು. ಗ್ಯಾಸ್ಕೆಟ್, ಸೀಟಿ, ಸೇಫ್ಟಿ ವಾಲ್ವ್ ಯಾವ ಕಂಪನಿಯದೆಂದು ಕೇಳುವವರು ಕಡಿಮೆ. ಅಳತೆ ಹೊಂದಿದರೆ ಸಾಕು. ಈ ಸಣ್ಣ ವ್ಯಾಪಾರವೇ ಹಿಂದೊಮ್ಮೆ ಮಹತ್ವದ ಆವಿಷ್ಕಾರವೊಂದಕ್ಕೆ ಕಾರಣವಾಯಿತೆಂಬುದು ನಮ್ಮ ಅನೇಕ ಸದಸ್ಯರಿಗೆ ತಿಳಿದಿರಲಾರದು.

ಬೆಂಗಳೂರಿನ ಟಿಟಿಕೆ ಪ್ರೆಸ್ಟೀಜ್ ಸಂಸ್ಥೆಯನ್ನು ದಶಕಗಳ ಕಾಲ ಮುನ್ನಡೆಸಿ 2025ರ ಅಕ್ಟೋಬರ್‌ನಲ್ಲಿ ನಿಧನರಾದ ಟಿ. ಟಿ. ಜಗನ್ನಾಥನ್ ಅವರು ಮದ್ರಾಸ್ ಐಐಟಿಯ ಇಂಜಿನಿಯರಿಂಗ್ ಪದವೀಧರರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಉದ್ಯಮದ ಹೊಣೆ ಹೊತ್ತ ಆರಂಭದ ವರ್ಷಗಳಲ್ಲಿ ಉತ್ತರ ಭಾರತದಿಂದ ಕುಕ್ಕರ್ ಸ್ಫೋಟದ ದೂರುಗಳು ಬರತೊಡಗಿದವು. ಕಾರಣ ಅರಸಿ ಅವರು ಲಖನೌ ಪೇಟೆಗೆ ಹೋದರು. ದೋಷ ಕಾರ್ಖಾನೆಯದಾಗಿರಲಿಲ್ಲ, ಪೇಟೆಯಲ್ಲಿ ಮಾರಾಟವಾಗುತ್ತಿದ್ದ ನಕಲಿ ಬಿಡಿಭಾಗಗಳದಾಗಿತ್ತು.

ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹಬೆ ಇರುತ್ತದೆ. ಸೀಟಿಯ ದಾರಿ ಕಟ್ಟಿಕೊಂಡರೆ ಸೇಫ್ಟಿ ವಾಲ್ವಿನಲ್ಲಿರುವ ಮಿಶ್ರಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ನಕಲಿ ವಾಲ್ವ್ ಸಕಾಲಕ್ಕೆ ಕರಗದು. ಜಗನ್ನಾಥನ್ ಮುಚ್ಚಳದ ಅಂಚಿನಲ್ಲಿಯೇ ಒಂದು ಕಿಂಡಿಯನ್ನು ರೂಪಿಸಿದರು. ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಆ ಕಿಂಡಿಯ ಮೂಲಕ ಹೊರಕ್ಕೆ ತಳ್ಳಲ್ಪಟ್ಟು ಹಬೆ ಹೊರಹೋಗುತ್ತದೆ. ವಾಲ್ವ್ ಅಸಲಿಯೋ ನಕಲಿಯೋ, ಈ ಕಿಂಡಿಗೆ ಅದರ ಗೊಡವೆಯಿಲ್ಲ. ಎಚ್ಚರಿಕೆಯ ಜಾಹೀರಾತು ಕೊಟ್ಟು, ನಕಲಿಗಾರರ ಮೇಲೆ ಮೊಕದ್ದಮೆ ಹೂಡಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಗಿರಾಕಿ ಅಗ್ಗದ ವಾಲ್ವನ್ನೇ ಕೊಳ್ಳುತ್ತಾನೆಂದು ಒಪ್ಪಿಕೊಂಡು ವಿನ್ಯಾಸ ಮಾಡಿದ್ದೇ ಅವರ ಹೆಚ್ಚುಗಾರಿಕೆ ಎಂದು ನನ್ನ ಭಾವನೆ. (ಗ್ಯಾಸ್ಕೆಟ್ ಮಾತ್ರ ಹಳತಾಗಿ ಗಡುಸಾಗಿರಬಾರದು.)

ಕಿಂಡಿಯಿದ್ದ ಮಾತ್ರಕ್ಕೆ ವ್ಯಾಪಾರಿಯ ಹೊಣೆ ಮುಗಿಯುವುದಿಲ್ಲ. 2021ರ ಫೆಬ್ರವರಿಯಿಂದ ಗೃಹಬಳಕೆಯ ಕುಕ್ಕರುಗಳಿಗೆ ಐಎಸ್‌ 2347 ಮಾನಕದ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ಈ ಗುಣಮಟ್ಟಕ್ಕೆ ಹೊಂದದ 2,265 ಕುಕ್ಕರುಗಳು ತನ್ನ ಜಾಲತಾಣದಲ್ಲಿ ಮಾರಾಟವಾದುದಕ್ಕಾಗಿ ಅಮೆಜಾನ್ ಸಂಸ್ಥೆಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ₹1 ಲಕ್ಷ ದಂಡ ವಿಧಿಸಿ, ಅವನ್ನು ಹಿಂಪಡೆದು ಹಣ ಮರಳಿಸುವಂತೆ ಆದೇಶಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕಿನ ಹೊಣೆಯನ್ನು ಕೆಲವು ಸಂದರ್ಭಗಳಲ್ಲಿ ಮಾರಾಟಗಾರನ ಮೇಲೂ ಹೊರಿಸುತ್ತದೆ; ತಯಾರಕ ಯಾರೆಂದು ಗೊತ್ತಾಗದಿರುವುದು ಅವುಗಳಲ್ಲೊಂದು. ಬಿಲ್ಲಿಲ್ಲದೆ ಚೀಲದಲ್ಲಿ ಬಂದ ಬಿಡಿಭಾಗಗಳ ತಯಾರಕನನ್ನು ಯಾವ ದಾಖಲೆಯಿಂದ ತೋರಿಸುವುದು? ಖರೀದಿ ಬಿಲ್ಲನ್ನು ತೆರಿಗೆಗಾಗಿ ಮಾತ್ರ ಕಾದಿರಿಸುವ ರೂಢಿ ನಮ್ಮಲ್ಲಿದೆ. ಬಿಡಿಭಾಗಗಳ ವಿಷಯದಲ್ಲಿ ತಯಾರಕನ ಹೆಸರಿರುವ ಆ ಬಿಲ್ಲನ್ನು ಪ್ರತ್ಯೇಕ ಕಡತದಲ್ಲಿ ಇರಿಸಿಕೊಳ್ಳುವಂತೆ ನನ್ನ ಕಕ್ಷಿದಾರರಿಗೆ ಹೇಳುತ್ತಿದ್ದೇನೆ.